ಓನರಮ್ಮ ಮೆಟ್ಟಿಲಿಳಿದ ಪ್ರಸಂಗ

ಇಷ್ಟಕ್ಕೆಲ್ಲ ಕಾರಣ ಹೂವು.

ಗಿಡದಲ್ಲಿ ಬಿಡುವ ಹೂವಾಗಿದ್ದರೆ ಬೆಳಿಗ್ಗೆ ಅರಳಿ, ಸಂಜೆ ಬಾಡಿ, ಯಾರಿಗೂ ತೊಂದರೆ ಕೊಡದೆ ಮಣ್ಣು ಸೇರುತ್ತಿತ್ತು. ಭಗವಂತ ಅದನ್ನು ಹಾಗೆ ಮಾಡಿಟ್ಟಿದ್ದಾನೆ. ಇದು ಮನುಷ್ಯ ಮಾಡಿದ ಹೂವು, ಕಂಪ್ಯೂಟರಿನೊಳಗಿನದು. ಬಾಡುವುದೆಂದರೇನೆಂದು ಅದಕ್ಕೆ ಗೊತ್ತಿಲ್ಲ, ಉದುರಿಸಿದಷ್ಟೂ ಉದುರುತ್ತದೆ.

ರೀಲಪ್ಪ ಮದುವೆಗಳ ವೀಡಿಯೋ ತೆಗೆಯುವವನು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಕರೆಯುವವರಿಲ್ಲದೆ ಅವನಿಗೇ ಮರೆತುಹೋಗುವ ಹಂತಕ್ಕೆ ಬಂದಿತ್ತು. ಕೆಳಗಿನ ಮನೆಯಲ್ಲಿ ಓನರಮ್ಮ, ಮೇಲಿನ ಮನೆಯಲ್ಲಿ ರೀಲಪ್ಪನ ಸಂಸಾರ, ಅದರ ಮೇಲೆ ತಾರಸಿಯಲ್ಲೊಂದು ಒಂಟಿ ಕೋಣೆ. ಹಳೆ ಸಾಮಾನು ತುಂಬಿದ್ದ ಆ ಕೋಣೆಯನ್ನು ಓನರಮ್ಮ ಸ್ಟುಡಿಯೋ ಮಾಡಿಕೊಳ್ಳಲು ಅವನಿಗೆ ಬಿಟ್ಟುಕೊಟ್ಟಿದ್ದರು. ಬಾಯಿಮಾತಿನ ಮೇಲೆ. ಬಾಯಿಮಾತಿನ ಮೇಲೆ ಬಂದದ್ದು ಬಾಯಿಮಾತಿನ ಮೇಲೇ ಹೋಗಬಹುದು ಎಂಬ ಭಯ ಮಾತ್ರ ರೀಲಪ್ಪನನ್ನು ನಿದ್ದೆಯಲ್ಲೂ ಬಿಟ್ಟಿರಲಿಲ್ಲ.

ಓನರಮ್ಮನ ಮಗಳ ಮದುವೆ ಹೋದ ತಿಂಗಳು ಆಗಿತ್ತು. ಅದರ ಸಿನಿಮಾವನ್ನು ಬೀಗರಿಗೆ ತೋರಿಸಲು ಬೀದಿಯ ಕೊನೆಯಲ್ಲಿದ್ದ ಸಭಾಭವನವನ್ನೇ ಅವರು ಹಿಡಿದಿದ್ದರು. ತೋರಿಸುವುದು ಇವತ್ತು ಸಂಜೆ.

"ಮದುಮಗಳು ಬಂದಾಗ ಒಂದು ಹಿಡಿ ಹೂವು ಸಾಕು. ಅವಳು ಚಿಕ್ಕವಳು, ಹೂವಿಲ್ದಿದ್ರೂ ಚೆನ್ನಾಗೇ ಕಾಣ್ತಾಳೆ," ಎಂದು ಓನರಮ್ಮ ಮೊದಲೇ ಅಪ್ಪಣೆ ಕೊಟ್ಟಿದ್ದರು. "ನಾನು ಮೆಟ್ಟಿಲಿಳಿಯುವಾಗ ಮಾತ್ರ ಆಕಾಶ ಬಾಯಿಬಿಟ್ಟ ಹಾಗೆ ಸುರೀಬೇಕು. ನಿಧಾನಕ್ಕೆ ಇಳೀಬೇಕು. ನಮ್ಮ ಬೀಗಿತ್ತಿ ಕಡ್ಡಿ ಹಾಗಿದ್ದೀನಿ ಅಂತ ಬೀಗ್ತಾಳಲ್ಲ, ಅವಳು ನೋಡ್ತಾ ನೋಡ್ತಾ ಇನ್ನೂ ಒಣಗಬೇಕು."

ರೀಲಪ್ಪನ ಮುದಿ ಕಂಪ್ಯೂಟರಿಗೆ ಅಷ್ಟು ಹೂವು ಸುರಿಸುವ ತ್ರಾಣವಿರಲಿಲ್ಲ. ಆಗ ಅವನ ಹೆಂಡತಿಯ ತಮ್ಮ, ಯಾರೂ ಕರೆಯದಿದ್ದರೂ ಬರುವಂಥವನು, ಇಟ್ಟಿಗೆ ಗಾತ್ರದ ಒಂದು ಗ್ರಾಫಿಕ್ಸ್ ಕಾರ್ಡ್ ಹಿಡಿದು ಬಂದ. ಅದಕ್ಕೆ ಎರಡು ಫ್ಯಾನು, ಮೈತುಂಬ ಕೆಂಪು ನೀಲಿ ದೀಪ.

"ಭಾವ, ಇದನ್ನ ಹಾಕಿ. ಹೂವೇನು, ಗಿಡಾನೇ ಬೇರುಸಮೇತ ಉದುರಿಸಬಹುದು."

ಹಾಕಿದ್ದೂ ಆಯಿತು, ದೀಪ ಹತ್ತಿದ್ದೂ ಆಯಿತು. ಕೋಣೆ ಜಾತ್ರೆಗೆ ಹೊರಟ ಲಾರಿಯ ಹಾಗೆ ಮಿನುಗತೊಡಗಿತು. ಹೊಸ ನೆಂಟನನ್ನು ಮನೆಗೆ ಕರೆದುಕೊಂಡವರು ಒಲೆಯ ಮೇಲಿನ ಪಾತ್ರೆ ಎಷ್ಟು ದೊಡ್ಡದೆಂದು ಮೊದಲು ನೋಡಬೇಕು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ರೀಲಪ್ಪ ಸ್ನಾನ ಮಾಡಿ, ಕಂಪ್ಯೂಟರಿನ ಮೇಲುಗಡೆ ಗೋಡೆಯಲ್ಲಿದ್ದ ದೇವರ ಪಟಕ್ಕೆ ಕೈಮುಗಿದು ನಿಂತ. ಅವನ ಪ್ರಾರ್ಥನೆಗಳು ಯಾವಾಗಲೂ ಸ್ಪಷ್ಟವಾಗಿರುತ್ತಿದ್ದವು, ದೇವರಿಗೆ ಗೊಂದಲವಾಗಬಾರದೆಂದು.

"ಭಗವಂತಾ, ಇವತ್ತೊಂದು ದಿನ ಕರೆಂಟು ಕೈಕೊಡದೆ ಇರಲಿ. ಸಿನಿಮಾ ನಡುವೆ ನಿಲ್ಲದೆ ಓಡಲಿ. ಮೆಟ್ಟಿಲು ಪೂರ್ತಿ ಇಳಿಯೋದು ಜನಕ್ಕೆ ಕಾಣಲಿ. ನೋಡಿದವರು ಜನ್ಮದಲ್ಲಿ ಮರೀಬಾರದು, ಹಾಗಾಗಲಿ."

ಕೈಮುಗಿದು, ಕೂತು, ಗುಂಡಿ ಒತ್ತಿದ. ತೆರೆಯ ಮೇಲೆ ಮದುವೆ ಮನೆಯ ಬಾಗಿಲು ತೆರೆಯಿತು. ದೀಪಗಳು ಬಂದವು, ನೆಂಟರು ಬಂದರು, ಮದುಮಗಳು ಬಂದಳು, ಒಂದು ಹಿಡಿ ಹೂವು ಬಿತ್ತು. ಆಮೇಲೆ ಮೆಟ್ಟಿಲಿನ ತುದಿಯಲ್ಲಿ ಓನರಮ್ಮ ಕಾಣಿಸಿಕೊಂಡರು. ಕಾಲು ಮುಂದಿಟ್ಟರು. ಆಕಾಶ ಬಾಯಿಬಿಟ್ಟಿತು. ಪೆಟ್ಟಿಗೆಯೊಳಗಿನ ಫ್ಯಾನು ಕಲ್ಲೇಟು ತಿಂದ ಜೇನುಗೂಡಿನ ಹಾಗೆ 'ಗೊಂಯ್' ಎಂದಿತು.

ಟಪ್.

ತೆರೆ ಕಪ್ಪಾಯಿತು. ಕೆಂಪು ನೀಲಿ ದೀಪಗಳೂ ಹೋದವು. ಮೇಲೆ ತಿರುಗುತ್ತಿದ್ದ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಅಂದರೆ ಮನೆಯ ಕರೆಂಟು ಹೋಗಿಲ್ಲ.

ಮತ್ತೆ ಹಚ್ಚಿದ. ಮತ್ತೆ ಬಾಗಿಲು, ನೆಂಟರು, ಮದುಮಗಳು, ಓನರಮ್ಮ. ಕಾಲು ಮುಂದಿಟ್ಟರು. ಟಪ್. ಇನ್ನೊಮ್ಮೆ. ಟಪ್. ಬೇರೆಲ್ಲೂ ಅಲ್ಲ, ಅಲ್ಲೇ.

"ರೀ, ಏನದು ಟಪ್ ಟಪ್ ಅಂತ? ಹಲ್ಲಿ ಹೊಡೀತಿದ್ದೀರಾ?" ಎಂದು ಹೆಂಡತಿ ಟೀ ಹಿಡಿದುಕೊಂಡು ಬಂದಳು. ಅವಳ ಹಿಂದೆ ಅತ್ತೆ ಬಂದರು.

ಅತ್ತೆಯವರಿಗೆ ಲೋಕದ ಎಲ್ಲ ಕಾಯಿಲೆಗಳಿಗೂ ಒಂದೇ ಕಾರಣ ಗೊತ್ತಿತ್ತು. ಗಡಿಯಾರ ನಿಂತರೂ, ಬೆಕ್ಕು ಸೊರಗಿದರೂ, ಅಳಿಯ ಮೌನವಾಗಿ ಕೂತರೂ ಅವರು ಹೇಳುತ್ತಿದ್ದುದು ಅದೊಂದೇ. ಈಗಲೂ ಕಂಪ್ಯೂಟರಿನ ಬೆನ್ನ ಮೇಲೆ ಕೈಯಾಡಿಸಿ ಹೇಳಿದರು: "ಹೊಟ್ಟೆಗೆ ಸಾಲ್ತಿಲ್ಲ ಅಳಿಯಂದ್ರೇ."

"ಅತ್ತೇ, ಇದು ಮೆಷಿನ್ನು."

"ಮೆಷಿನ್ನಾದ್ರೇನು, ಹೊಟ್ಟೆ ಇಲ್ವಾ?"

ಮಾತಿಗೆ ಮಾತು ಬೆಳೆಸುವ ಹೊತ್ತು ಅದಲ್ಲವೆಂದು ರೀಲಪ್ಪ ಸುಮ್ಮನಾದ. ಸುಮ್ಮನಾದ ಮನೆಗೆ ಜನ ಬೇಗ ಬರುತ್ತಾರೆ. ಎದುರು ಮನೆಯ ಮಾಸ್ತರು ತಮ್ಮ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದವರು, ಚಪ್ಪಲಿ ಮೆಟ್ಟಿಕೊಂಡು ಬಂದೇಬಿಟ್ಟರು. ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರ ಕಲಿಸಲು ಮಕ್ಕಳಿಲ್ಲದೆ, ಬೀದಿಯ ದೊಡ್ಡವರಿಗೇ ಕಲಿಸುತ್ತಿದ್ದರು.

"ಶಾಖ!" ಎಂದರು ಬಾಗಿಲಲ್ಲೇ ನಿಂತು. "ಶಾಖ ಜಾಸ್ತಿಯಾಗಿದೆ. ಬಿಚ್ಚು ಅದರ ಅಂಗೀನ."

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದರು. ಮಾಸ್ತರು ಮನೆಯಿಂದ ತಂದ ಮೇಜಿನ ಫ್ಯಾನು ಅದರ ಪಕ್ಕೆಗೆ ಗಾಳಿ ಊದಿತು. ಒಳಗಿದ್ದ ಧೂಳೆಲ್ಲ ಹೊರಗೆದ್ದು ಮಾಸ್ತರ ಮೂಗು ಸೇರಿತು. ಅವರು ಸೀನಿದರು, ಕಂಪ್ಯೂಟರು ಆರಿತು.

"ಹೊರಗಿನ ಗಾಳಿ ಸಾಲಲ್ಲ ಮಾಸ್ತರೇ, ಒಳಗಿನ ಗಾಳಿ ಬೇಕು," ಎಂದ ಭಾಮೈದ. ಯಾವ ಹೊತ್ತಿನಲ್ಲಿ ಬಂದನೋ, ಅವನ ಕೈಯಲ್ಲಿ ಆಗಲೇ ಒಂದು ಚೀಲವಿತ್ತು. ಅದರಿಂದ ಸಣ್ಣ ಫ್ಯಾನುಗಳನ್ನು ತೆಗೆದು ಪೆಟ್ಟಿಗೆಯ ಒಳಗೆಲ್ಲ ಕೂರಿಸಿದ. ಎಲ್ಲದರ ವೈರೂ ಕಂಪ್ಯೂಟರಿಗೇ. ಅದು ಸಾಲದೆಂದು ಇನ್ನೊಂದು ಡಿಸ್ಕು. ಅದೂ ಸಾಲದೆಂದು ತನ್ನ ಫೋನನ್ನೂ ಚಾರ್ಜಿಗೆ ಅಲ್ಲೇ ಸಿಕ್ಕಿಸಿದ.

"ಲೋ, ಫೋನ್ ಯಾಕೋ?"

"ಹೇಗೂ ಕರೆಂಟ್ ಬರ್ತಿದೆಯಲ್ಲ ಭಾವ."

ಮೊದಲು ಓನರಮ್ಮ ಕಾಲಿಟ್ಟ ಮೇಲೆ ಆರುತ್ತಿದ್ದ ಕಂಪ್ಯೂಟರು, ಈ ಉಪಕಾರಗಳೆಲ್ಲ ಮುಗಿದ ಮೇಲೆ ಅವರ ಸೀರೆಯ ಅಂಚು ಕಂಡಕೂಡಲೇ ಆರತೊಡಗಿತು. ಏದುಸಿರು ಬಿಡುವ ಎತ್ತಿಗೆ ದಣಿವಾಗದಿರಲೆಂದು ಗಾಡಿಯ ಮೇಲೆ ಇನ್ನೂ ನಾಲ್ಕು ಜನ ಹತ್ತಿ ಕೂತು ಬೀಸಣಿಗೆ ಬೀಸಿದ ಹಾಗಾಗಿತ್ತು ಅದರ ಪಾಡು.

ಮಾಸ್ತರು ಗಲ್ಲ ತುರಿಸಿಕೊಂಡರು. "ನೋಡಪ್ಪಾ, ಶಾಸ್ತ್ರದ ಪ್ರಕಾರ ಯೋಚನೆ ಮಾಡೋಣ. ಪ್ರತಿಸಲ ಒಂದೇ ಜಾಗದಲ್ಲಿ ನಿಲ್ಲುತ್ತೆ. ಅಂದ್ಮೇಲೆ ಕಾರಣವೂ ಆ ಜಾಗದಲ್ಲೇ ಇರಬೇಕು. ಆ ಜಾಗದಲ್ಲಿ ಇರೋದು ಯಾರು?"

ಎಲ್ಲರೂ ನೆಲ ನೋಡಿದರು. ನೆಲದ ಕೆಳಗೆ, ಎರಡು ಅಂತಸ್ತು ಕೆಳಗೆ, ಓನರಮ್ಮ ಇದ್ದರು.

"ಅಯ್ಯೋ ಶಿವನೇ," ಎಂದರು ಅತ್ತೆ, ಪಿಸುಮಾತಿನಲ್ಲಿ. ಅವರ ಪಿಸುಮಾತು ಮೂರು ಮನೆಯಾಚೆ ಮಲಗಿದ್ದ ನಾಯಿಯನ್ನು ಎಬ್ಬಿಸುವಂಥದು. "ಓನರಮ್ಮನ ಮುಖ ನೋಡಿ ಪ್ರಾಣ ಬಿಡ್ತಿದೆಯಾ ಇದು?"

ತಾರಸಿಯಲ್ಲಿ ಓನರಮ್ಮನ ಮನೆಯ ಕೆಲಸದವಳು ಬಟ್ಟೆ ಒಣಹಾಕುತ್ತಿದ್ದಳು. ಅವಳ ಕೈಯಲ್ಲಿದ್ದ ರವಿಕೆ ಹಗ್ಗ ಸೇರಲಿಲ್ಲ. ರವಿಕೆಯ ಸಮೇತ ಮೆಟ್ಟಿಲಿಳಿದು ಹೋದಳು.

ಸುದ್ದಿಗೆ ಕಾಲಿಲ್ಲ ಎನ್ನುತ್ತಾರೆ; ಮೆಟ್ಟಿಲಿದ್ದರೆ ಕಾಲಿನ ಅಗತ್ಯವೂ ಇಲ್ಲ, ಉರುಳಿಕೊಂಡೇ ಹೋಗುತ್ತದೆ. ರೀಲಪ್ಪ ಟೀ ಕುಡಿದು ಲೋಟ ಕೆಳಗಿಡುವುದರೊಳಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು ಕೇಳಿಸಿದವು. ನಡುನಡುವೆ ಉಸಿರು. ಆಮೇಲೆ ಬಾಗಿಲ ತುಂಬ ಓನರಮ್ಮ.

"ಏನಯ್ಯಾ ರೀಲಪ್ಪ! ನನ್ನ ಮುಖ ನೋಡಿದ್ರೆ ನಿನ್ನ ಕಂಪ್ಯೂಟರ್ ಸಾಯುತ್ತಂತೆ?"

"ಛೆ ಛೆ, ಯಾರಮ್ಮಾ ಹಾಗಂದದ್ದು? ನಿಮ್ಮ ಮುಖ ನೋಡಿದ್ರೆ ಸತ್ತದ್ದೂ ಎದ್ದು..." ಎಂದು ಶುರುಮಾಡಿದವನು, ಅದು ಎಲ್ಲಿಗೆ ಹೋಗಿ ಮುಟ್ಟುವುದೆಂದು ತಿಳಿಯದೆ ಅಲ್ಲೇ ನಿಲ್ಲಿಸಿದ.

"ಹಾಕು. ನಾನೇ ನೋಡ್ತೀನಿ."

ಹಾಕಿದ. ಬೇರೆ ದಾರಿಯಿರಲಿಲ್ಲ. ಮದುಮಗಳು ಬಂದಳು, ಹೋದಳು. ಮೆಟ್ಟಿಲಿನ ತುದಿಯಲ್ಲಿ ಸೀರೆಯ ಅಂಚು ಮಿಂಚಿತು. ಟಪ್. ಕಪ್ಪಾದ ತೆರೆಯಲ್ಲಿ ಓನರಮ್ಮನ ನಿಜವಾದ ಮುಖ ಕನ್ನಡಿಯಲ್ಲಿ ಕಂಡಂತೆ ಕಂಡಿತು.

"ಇನ್ನೊಂದ್ಸಲ."

ಟಪ್.

ಓನರಮ್ಮ ಸೆರಗು ಸರಿಮಾಡಿಕೊಂಡರು. ಧ್ವನಿ ತಣ್ಣಗಾಗಿತ್ತು, ಅದೇ ಹೆದರಿಕೆಯ ವಿಷಯ. "ಇವತ್ತು ಸಂಜೆ, ಬೀಗರ ಮುಂದೆ, ಹೂವು ಬೀಳ್ತಿರಬೇಕು, ನಾನು ಮೆಟ್ಟಿಲು ಪೂರ್ತಿ ಇಳೀಬೇಕು. ಒಂದು ಹೂವು ಕಮ್ಮಿಯಾಗಬಾರದು. ಮಧ್ಯದಲ್ಲಿ ಆರಿತೋ, ನಾಳೆ ಈ ಕೋಣೇಲಿ ನನ್ನ ಹಳೇ ಸಾಮಾನು ಇರುತ್ತೆ, ಬೀದೀಲಿ ನಿಂದು."

ಬಾಗಿಲ ಹೊರಗೆ ಹೋದವರು ಹಿಂದಿರುಗಿ ನೋಡಿ ಸೇರಿಸಿದರು: "ಸಭಾಭವನದ ದೀಪದವನಿಗೂ ಹೇಳಿದ್ದೀನಿ. ನನ್ನ ಹೂವು ಬೀಳೋಕೆ ಶುರುವಾದ ತಕ್ಷಣ ಅಲ್ಲಿರೋ ದೀಪ ಎಲ್ಲಾ ಒಟ್ಟಿಗೆ ಹತ್ತಬೇಕು ಅಂತ. ಅವನು ಗಂಡಸು, ಆಯ್ತಮ್ಮ ಅಂದ. ನೀನು ನೋಡಿಕೋ."

ರೀಲಪ್ಪ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಭಾಮೈದನ ಫ್ಯಾನು, ಡಿಸ್ಕು, ಫೋನು ಎಲ್ಲ ಕಿತ್ತು ಚೀಲಕ್ಕೆ ಹಾಕಿ ಹೊರಗಿಟ್ಟ. ದೇವರ ಪಟವನ್ನು ಸ್ವಲ್ಪ ಹೊತ್ತು ನೋಡಿದ. ಪಟದೊಳಗಿನವನು ಎಂದಿನಂತೆ ನಗುತ್ತಿದ್ದ. ಆ ಶಾಂತಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಸಾಂಬಾರು ಕೆಟ್ಟಿದೆಯೋ ನಾಲಿಗೆ ಕೆಟ್ಟಿದೆಯೋ ತಿಳಿಯಬೇಕಾದರೆ ಇನ್ನೊಬ್ಬರಿಗೆ ಬಡಿಸಿ ನೋಡಬೇಕು. ಓನರಮ್ಮನ ಮುಖದಿಂದ ಆರುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ, ಓನರಮ್ಮನನ್ನು ತೆಗೆದು ಆ ಜಾಗದಲ್ಲಿ ಬೇರೆ ಯಾರನ್ನಾದರೂ ಇಳಿಸಿ ನೋಡಬೇಕು.

ಅವನ ಬಳಿ ಮೆಟ್ಟಿಲಿಳಿಯುವ ಇನ್ನೊಂದೇ ಚಿತ್ರವಿತ್ತು. ಹಿಂದೆ ಹಾಲಿನ ಡೇರಿಯೊಂದರ ಜಾಹೀರಾತಿಗೆಂದು ತೆಗೆದದ್ದು. ಕೆರೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ನೀರಿಗೆ ಹೋಗುವ ಎಮ್ಮೆ. ನಿಧಾನ, ಗಾಂಭೀರ್ಯ, ಅಕ್ಕಪಕ್ಕ ಯಾರನ್ನೂ ಲೆಕ್ಕಿಸದ ನಡಿಗೆ. ಅಳತೆ ಹಿಡಿದು ಮಾಡಿಸಿದಂತೆ ಆ ಜಾಗಕ್ಕೆ ಸರಿಯಾಗಿ ಕೂತಿತು. ಅದೇ ಹೂಮಳೆ ಸುರಿಸಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ಮದುಮಗಳು ಹೋದಳು. ಎಮ್ಮೆ ಬಂತು. ಕಾಲು ಮುಂದಿಟ್ಟಿತು. ಟಪ್.

"ಎಮ್ಮೆಗೂ ಆರ್ತು!" ಎಂದು ರೀಲಪ್ಪ ಕುರ್ಚಿಯಿಂದ ಹಾರಿದ. "ಲೇ, ಕೇಳಿದೆಯೇನೇ, ಎಮ್ಮೆಗೂ ಆರ್ತು!"

ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ಹೆಂಡತಿ ತಾಯಿಯ ಮುಖ ನೋಡಿದಳು. "ಅಮ್ಮಾ, ಇವರಿಗೆ ತಲೆ ಕೆಟ್ಟಿತು."

"ಹೊಟ್ಟೆಗೆ ಸಾಲ್ತಿಲ್ಲ," ಎಂದರು ಅತ್ತೆ.

ರೀಲಪ್ಪ ಹೂವನ್ನಷ್ಟೇ ತೆಗೆದು ಮತ್ತೆ ನಡೆಸಿದ. ಎಮ್ಮೆ ಮೆಟ್ಟಿಲುಗಳನ್ನೆಲ್ಲ ಇಳಿದು, ನೀರು ಸೇರಿ, ಕಿವಿ ಕೊಡವಿತು. ಕಂಪ್ಯೂಟರು ಮಿಸುಕಲಿಲ್ಲ. ಅಂದರೆ ಮುಖದ್ದಲ್ಲ, ಹೂವಿನದು! ಹೂವು ಸುರಿಸುವುದು ಆ ದೊಡ್ಡ ಕಾರ್ಡು. ಕಾರ್ಡಿಗೆ ಬೇಕಾದ್ದು ಕರೆಂಟು. ಆ ಕರೆಂಟು ಬರುವುದು ಎಲ್ಲಿಂದ?

ಅವನು ಬಗ್ಗಿ ಕಂಪ್ಯೂಟರಿನ ಹಿಂಬದಿ ನೋಡಿದ. ಮೂಲೆಯಲ್ಲಿ, ಧೂಳು ಹೊದ್ದು, ಒಂದು ತಗಡಿನ ಡಬ್ಬಿ ಕೂತಿತ್ತು. ಪವರ್ ಸಪ್ಲೈ. ಗೋಡೆಯಿಂದ ಬಂದ ಕರೆಂಟನ್ನು ತಾನು ನುಂಗಿ, ಒಳಗಿರುವ ಎಲ್ಲರಿಗೂ ಹಂಚುವ ಡಬ್ಬಿ. ಕಂಪ್ಯೂಟರಿನಲ್ಲಿ ಬರೀ ಟೈಪು ಮಾಡುತ್ತಿದ್ದ ಕಾಲದ್ದು. ಆಗಿನ ಸಣ್ಣ ಸಂಸಾರಕ್ಕೆ ಸಾಕಾಗುತ್ತಿತ್ತು. ಈಗ ಹೊಸ ನೆಂಟ ಬಂದು, ಹೂವಿನ ಹೊತ್ತಿಗೆ ಸರಿಯಾಗಿ 'ಇನ್ನೂ ಹಾಕು, ಇನ್ನೂ ಹಾಕು' ಎಂದು ತಟ್ಟೆ ಬಡಿದರೆ ಪಾಪ, ಅದು ಕೈಚೆಲ್ಲಿ ಕಣ್ಣು ಮುಚ್ಚುತ್ತಿತ್ತು.

ಒಬ್ಬನ ದುಡಿಮೆ, ಉಣ್ಣುವವರು ಹಲವರು. ರೀಲಪ್ಪನಿಗೆ ಆ ಡಬ್ಬಿಯ ಮೇಲೆ ಒಡಹುಟ್ಟಿದವನ ಮೇಲೆ ಬರುವಂಥ ಪ್ರೀತಿ ಬಂತು. ಪಂಚೆಯ ತುದಿಯಿಂದ ಅದರ ಧೂಳೊರೆಸಿದ.

ಬಾಗಿಲು ತೆರೆದು ವಿಷಯ ಹೇಳಿದಾಗ, ಮಾಸ್ತರು "ಅದನ್ನೇ ನಾನು ಹೇಳೋನಿದ್ದೆ" ಎಂದರು. ಅತ್ತೆ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತರು.

"ಬೆಳಿಗ್ಗೆ ಬಂದ ತಕ್ಷಣ ನಾನು ಏನಂದೆ?"

"ಹೊಟ್ಟೆಗೆ ಸಾಲ್ತಿಲ್ಲ ಅಂದ್ರಿ ಅತ್ತೇ."

"ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ನಿಂತ ಗಡಿಯಾರಕ್ಕೂ ದಿನದಲ್ಲಿ ತನ್ನ ಹೊತ್ತು ಬರುತ್ತದೆ. ಅದು ಬಂದಾಗ ತಲೆತಗ್ಗಿಸುವುದೇ ವಿವೇಕವೆಂದು ರೀಲಪ್ಪ ತಲೆತಗ್ಗಿಸಿದ.

ಆಮೇಲೆ ಎಲ್ಲವೂ ಬೆಂಕಿ ಬಿದ್ದ ಮನೆಯ ವೇಗದಲ್ಲಿ ನಡೆಯಿತು. ಭಾಮೈದ ಅಂಗಡಿಗೆ ಓಡಿ ದೊಡ್ಡ ಪವರ್ ಸಪ್ಲೈ ತಂದ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವಷ್ಟರಲ್ಲಿ ಬಿಸಿಲು ತಾರಸಿಯಿಂದ ಇಳಿದಿತ್ತು. ರೀಲಪ್ಪ ಹೂಮಳೆಯನ್ನು ಮತ್ತೆ ಅದರ ಜಾಗದಲ್ಲಿ ಸುರಿಸಿದ. ಇಡೀ ಸಿನಿಮಾವನ್ನು ಪೆನ್‌ಡ್ರೈವಿಗೆ ಇಳಿಸಲು ಗುಂಡಿ ಒತ್ತುವುದೊಂದೇ ಬಾಕಿ.

"ತಡೀರಿ ಭಾವ!" ಭಾಮೈದನಿಗೆ ಈಗ ಜ್ಞಾನೋದಯವಾಗಿತ್ತು; ಹೊಸದಾಗಿ ಆದ ಜ್ಞಾನೋದಯ ಹೊಸ ಚಪ್ಪಲಿಯ ಹಾಗೆ, ಎಲ್ಲೆಡೆ ಸದ್ದು ಮಾಡುತ್ತದೆ. "ಕರೆಂಟ್ ಉಳಿಸಬೇಕು. ಮೇಲಿನ ಫ್ಯಾನ್ ಆರಿಸಿ. ದೀಪ ಆರಿಸಿ. ಆ ತೆರೇನೂ ಆರಿಸಿಬಿಡಿ, ನಾವೇನು ಸಿನಿಮಾ ನೋಡ್ಬೇಕಾ ಈಗ?"

"ಲೋ, ತೆರೆಗೂ ಇದಕ್ಕೂ ಸಂಬಂಧ..."

"ಆರಿಸಪ್ಪಾ," ಎಂದರು ಮಾಸ್ತರು. "ಜಾಗ್ರತೆ ಜಾಸ್ತಿಯಾದ್ರೆ ಯಾರೂ ಸಾಯಲ್ಲ."

ಕೆಳಗೆ ಹೆಂಡತಿ ಮಿಕ್ಸಿ ನಿಲ್ಲಿಸಿದಳು. ಅರೆಗತ್ತಲ ಕೋಣೆಯಲ್ಲಿ, ಕಪ್ಪು ತೆರೆಯ ಮುಂದೆ, ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ ಎಲ್ಲರೂ ಬೆವರೊರೆಸುತ್ತ ಕೂತರು. ಪೆಟ್ಟಿಗೆಯ ಫ್ಯಾನು ಒಮ್ಮೆ 'ಗೊಂಯ್' ಎಂದು ಏರಿತು. ಹೂವಿನ ಜಾಗ! ಅತ್ತೆ ಕಣ್ಣು ಮುಚ್ಚಿದರು. ಫ್ಯಾನಿನ ಸದ್ದು ಏರಿ, ಹಾಗೇ ನಿಂತು, ಮೆಲ್ಲಗೆ ಇಳಿಯಿತು. ಆರಲಿಲ್ಲ. ಕೊನೆಗೆ 'ಟಿಣ್' ಎಂದಿತು.

"ಹೆಣ್ಣೋ ಗಂಡೋ?" ಎಂದರು ಮಾಸ್ತರು, ಸಂತೋಷದಲ್ಲಿ. ಪೆನ್‌ಡ್ರೈವ್ ಕಿತ್ತುಕೊಂಡು ಎಲ್ಲರೂ ಓಡಿದರು.

ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಓನರಮ್ಮ, ಅವರ ಪಕ್ಕದಲ್ಲಿ ಒಂದು ಕುರ್ಚಿ ಬಿಟ್ಟು ಬೀಗಿತ್ತಿ. ಆ ಬಿಟ್ಟ ಕುರ್ಚಿಯ ಮೇಲೆ ಇಬ್ಬರ ಕೈಚೀಲಗಳೂ ಒಂದಕ್ಕೊಂದು ಬೆನ್ನು ಹಾಕಿ ಕೂತಿದ್ದವು. ಪ್ರೊಜೆಕ್ಟರಿನ ವೈರು ಯಾರ ಕಾಲಿಗೂ ಸಿಕ್ಕಬಾರದೆಂದು ಮಾಸ್ತರು ಅದರ ಪಕ್ಕದಲ್ಲಿ ಕಾವಲು ನಿಂತರು. ದೀಪದವನು ಗೋಡೆಯ ಸ್ವಿಚ್ಚುಗಳ ಮೇಲೆ ಎರಡೂ ಕೈಯಿಟ್ಟು, ತೆರೆಯ ಮೇಲೆ ಕಣ್ಣಿಟ್ಟು ನಿಂತಿದ್ದ. ರೀಲಪ್ಪ ಕೊನೆಯ ಸಾಲಿನಲ್ಲಿ, ಹೆಂಡತಿ ಮತ್ತು ಅತ್ತೆಯ ನಡುವೆ ಕೂತು, ಬೆಳಗಿನಿಂದ ಮೊದಲ ಬಾರಿಗೆ ಬೆನ್ನು ಕುರ್ಚಿಗೆ ಆನಿಸಿದ.

ಸಿನಿಮಾ ಶುರುವಾಯಿತು. ಬಾಗಿಲು ತೆರೆಯಿತು. ಜನ "ಅಬ್ಬಾ" ಎಂದರು. ನೆಂಟರು ತಮ್ಮ ತಮ್ಮ ಮುಖ ಬಂದಾಗ ಪಕ್ಕದವರನ್ನು ತಿವಿದರು. ರೀಲಪ್ಪನ ಮನಸ್ಸು ಗಾಳಿಯಿಲ್ಲದ ಕೆರೆಯಂತೆ ನಿಂತಿತ್ತು.

"ಅಳಿಯಂದ್ರೇ," ಎಂದರು ಅತ್ತೆ, ಆ ಕೆರೆಗೆ ಕಲ್ಲು ಹಾಕುತ್ತ. "ಆ ಎಮ್ಮೆ ಪಾಪ ಎಷ್ಟು ಚೆಂದ ಇಳೀತಿತ್ತಂತೆ. ಅದನ್ನ ತೆಗೆದು ಎಲ್ಲಿಟ್ರಿ?"

"ತೆಗೆದು..." ಎಂದ ರೀಲಪ್ಪ.

ಹೂವು ತೆಗೆದದ್ದು ನೆನಪಿತ್ತು. ಹೂವು ಹಾಕಿದ್ದು ನೆನಪಿತ್ತು. ಎಮ್ಮೆಯನ್ನು ಹಾಕಿದ್ದು ಚೆನ್ನಾಗಿ ನೆನಪಿತ್ತು. ಎಮ್ಮೆಯನ್ನು ತೆಗೆದದ್ದು?

ಮುಂದೆ ತೆರೆಯ ಮೇಲೆ ಮದುಮಗಳು ನಗುತ್ತ ಬರುತ್ತಿದ್ದಳು.

ರೀಲಪ್ಪ ಎದ್ದ. ಜನರ ಮೊಣಕಾಲುಗಳ ನಡುವೆ ನುಸುಳಿ, ಯಾರದೋ ಹೆಗಲು ಹಿಡಿದು, ಯಾರದೋ ಕಾಲು ತುಳಿದು ಪ್ರೊಜೆಕ್ಟರಿನ ಬಳಿ ಬಂದು ವೈರಿಗೆ ಕೈಹಾಕಿದ. ಮಾಸ್ತರು ಅವನ ಕೈ ಹಿಡಿದುಕೊಂಡರು.

"ಬಿಡಿ ಮಾಸ್ತರೇ! ಕೀಳ್ಬೇಕು!"

"ಗಾಬರಿಯಾಗಿದ್ದೀಯಪ್ಪಾ. ಏನೂ ಆಗಲ್ಲ, ಆರಲ್ಲ. ನಾನಿದ್ದೀನಿ."

ಮದುಮಗಳ ಮೇಲೆ ಒಂದು ಹಿಡಿ ಹೂವು ಬಿತ್ತು. ರೀಲಪ್ಪ ಕಣ್ಣು ಮುಚ್ಚಿದ. ಭಗವಂತಾ, ಆರಿಸಿಬಿಡು! ಕೋಣೆ ಹೋದರೆ ಹೋಗಲಿ, ಸಾಮಾನು ಬೀದಿಗೆ ಬಿದ್ದರೆ ಬೀಳಲಿ. ಬೆಳಿಗ್ಗೆ ಕೇಳಿದ್ದೆಲ್ಲ ವಾಪಸ್ಸು. ಕರೆಂಟು ತೆಗೆದುಬಿಡು!

ತೆರೆಯ ಮೇಲೆ ಬರಿಯ ಮೆಟ್ಟಿಲುಗಳು ಕಂಡವು. ಮೊದಲ ಹೂವುಗಳು ಇಳಿದವು. ದೀಪದವನು ಅಪ್ಪಣೆಯಂತೆ ಇದ್ದಬದ್ದ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಒತ್ತಿದ. ಸಭಾಭವನ ಒಂದು ಕ್ಷಣ ಮಧ್ಯಾಹ್ನವಾಯಿತು.

ಟಪ್.

ದೀಪ ಹೋಯಿತು, ತೆರೆ ಹೋಯಿತು, ಫ್ಯಾನುಗಳು ಹೋದವು. ಆ ಕಗ್ಗತ್ತಲಲ್ಲಿ ರೀಲಪ್ಪನಿಗೆ ದೇವರು ಇಷ್ಟು ಹತ್ತಿರ ಎಂದೂ ಅನಿಸಿರಲಿಲ್ಲ.

"ರೀಲಪ್ಪಾ!" ಓನರಮ್ಮನ ಧ್ವನಿ ಕತ್ತಲನ್ನು ಸೀಳಿತು.

"ಖಾಲಿ ಮಾಡ್ತೀನಮ್ಮಾ!" ರೀಲಪ್ಪ ಆನಂದದಿಂದ ಕೂಗಿದ. "ನಾಳೆ ಯಾಕೆ, ಈಗಲೇ ಮಾಡ್ತೀನಿ! ಎಲ್ಲರೂ ಮನೆಗೆ ಹೊರಡಿ!"

ಕತ್ತಲಲ್ಲಿ ಬೀಗಿತ್ತಿಯ ತೆಳ್ಳನೆಯ ಧ್ವನಿ ಕೇಳಿಸಿತು. "ಬೀಗ್ತಿಯವರ ಮುಖ ಬಂದ್ರೆ ಆರಿಹೋಗುತ್ತೆ ಅಂತ ಕೆಲಸದವಳು ಅಂದಿದ್ಲು. ಸುಮ್ನೆ ಅಂದಿರಬೇಕು ಅಂದುಕೊಂಡಿದ್ದೆ."

ಜೀವನದಲ್ಲಿ ಮೊದಲ ಬಾರಿಗೆ ಓನರಮ್ಮನ ಮೂಗು ಸೊರಸೊರ ಎಂದದ್ದು ಕೇಳಿಸಿತು. ಅದನ್ನು ಕೇಳಿ ಅತ್ತೆ ಕುರ್ಚಿಯಿಂದ ಎದ್ದರು.

"ಮುಖದ್ದಲ್ಲ ತಾಯೀ!" ಎಂದು ಅವರು ಹಿಂದಿನ ಸಾಲಿನಿಂದಲೇ ಕೂಗಿದರು. "ಹೊಟ್ಟೆಗೆ ಸಾಲದ್ದು! ಅಷ್ಟು ದೀಪ ಒಟ್ಟಿಗೆ ಹಾಕಿದ್ರೆ ಪಾಪ ಕಟ್ಟಡಕ್ಕೆ ಎಲ್ಲಿಂದ ಬರಬೇಕು ಕರೆಂಟು? ನಮ್ಮನೇಲೂ ಬೆಳಿಗ್ಗೆಯಿಂದ ಇದೇ ಕಾಯಿಲೆ!"

"ಸರಿಯಾಗಿ ಹೇಳಿದ್ರಿ," ಎಂದು ಮಾಸ್ತರು ಕತ್ತಲಲ್ಲೇ ಪಾಠ ಶುರುಮಾಡಿದರು. "ಕೊಡೋನ ಶಕ್ತಿ ಸಣ್ಣದು, ಬೇಡೋರು ದೊಡ್ಡೋರು..."

"ಬೇಡ, ಬೇಡ, ಸರಿಮಾಡೋದು ಬೇಡ!" ಎಂದು ರೀಲಪ್ಪ ಅಂಗಲಾಚಿದ. ಕೈ ತಡವರಿಸಿ ಪ್ರೊಜೆಕ್ಟರಿಗೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಹುಡುಕಿದ. ಅದು ಅಲ್ಲಿರಲಿಲ್ಲ.

"ಹುಡುಕಬೇಡಪ್ಪಾ," ಎಂದರು ಮಾಸ್ತರು. "ಕತ್ತಲಲ್ಲಿ ಯಾರಾದ್ರೂ ಎತ್ತಿಕೊಂಡಾರು ಅಂತ ನನ್ನ ಜೇಬಲ್ಲಿಟ್ಟಿದ್ದೀನಿ. ಜೋಪಾನವಾಗಿದೆ."

ದಿನವಿಡೀ ಅಡ್ಡಾದಿಡ್ಡಿ ಉಪಕಾರ ಮಾಡಿದ್ದ ಜನ, ಈಗ ಮೊದಲ ಬಾರಿಗೆ, ಒಂದೂ ತಪ್ಪಿಲ್ಲದೆ ಉಪಕಾರ ಮಾಡಿದರು. ಹೆಂಡತಿ ದೀಪದವನನ್ನು ಗದರಿ ಸ್ವಿಚ್ಚುಗಳನ್ನೆಲ್ಲ ಆರಿಸಿದಳು. ಅತ್ತೆ ಟಾರ್ಚ್ ಹಿಡಿದರು. ಭಾಮೈದ ಪಕ್ಕದ ಹಿಟ್ಟಿನ ಗಿರಣಿಗೆ ಓಡಿ, ಗಿರಣಿಯವನನ್ನು ಎಬ್ಬಿಸಿಕೊಂಡು ಬಂದು, ತೋಳುದಪ್ಪದ ವೈರು ಎಳೆದು ಪ್ರೊಜೆಕ್ಟರಿಗೆ ಕೊಡಿಸಿದ.

"ಗಿರಣಿ ಲೈನು ಭಾವ!" ಎಂದು ಎದೆ ತಟ್ಟಿಕೊಂಡ. "ಇನ್ನು ಆನೆ ಬಂದ್ರೂ ಆರಲ್ಲ!"

ಆನೆಯ ಚಿಂತೆ ರೀಲಪ್ಪನಿಗಿರಲಿಲ್ಲ.

ಅವನು ಬಾಗಿಲ ಕಡೆ ಮೆಲ್ಲಗೆ ಸರಿಯುತ್ತಿದ್ದ. ಆಗ ಒಂದು ಭಾರವಾದ ಕೈ ಅವನ ರಟ್ಟೆ ಹಿಡಿಯಿತು. ಓನರಮ್ಮ. ಕಣ್ಣಂಚು ಇನ್ನೂ ಒದ್ದೆಯಾಗಿತ್ತು.

"ಎಲ್ಲಿಗೆ ಹೋಗ್ತೀಯೋ? ತಪ್ಪು ನಂದು, ದೀಪ ಹಾಕಿಸಿದ್ದು ನಾನು. ಆದ್ರೂ ನನ್ನ ಮೇಲೆ ಒಂದು ಮಾತು ಬರದ ಹಾಗೆ, ಕೋಣೆ ಖಾಲಿ ಮಾಡ್ತೀನಿ ಅಂದೆಯಲ್ಲ! ಹೊಟ್ಟೇಲಿ ಹುಟ್ಟಿದ ಮಗ ಅನ್ನುತ್ತಿರಲಿಲ್ಲ ಹಾಗೆ. ಆ ಕೋಣೆ ನೀನಿರೋವರೆಗೂ ನಿಂದೇ. ಬಾ, ನನ್ನ ಪಕ್ಕ ಕೂತ್ಕೋ."

"ಅಮ್ಮಾ, ನಾನು ಹಿಂದೇನೇ..."

"ಕೂತ್ಕೋ ಅಂದೆ."

ನಡುವಿನ ಕುರ್ಚಿಯ ಕೈಚೀಲಗಳು ನೆಲ ಸೇರಿದವು. ರೀಲಪ್ಪ ಓನರಮ್ಮ ಮತ್ತು ಬೀಗಿತ್ತಿಯ ನಡುವೆ, ಎರಡು ಬಂಡೆಗಳ ನಡುವೆ ಸಿಕ್ಕ ಕಪ್ಪೆಯಂತೆ ಕೂತ. ಓನರಮ್ಮ ಅವನ ಕೈಯನ್ನು ಬಿಡಲಿಲ್ಲ.

"ಮೊದಲಿಂದ ಬೇಡ ಮಾಸ್ತರೇ," ಎಂದು ಅಪ್ಪಣೆ ಕೊಟ್ಟರು. "ಮೆಟ್ಟಿಲಿನ ಹತ್ತಿರದಿಂದಲೇ ಹಾಕಿ. ಬೀಗ್ತಿಯವರೇ, ಈಗ ಸರಿಯಾಗಿ ನೋಡಿ."

ಗಿರಣಿಯ ಕರೆಂಟಿನಲ್ಲಿ ತೆರೆ ಎಂದಿಲ್ಲದಷ್ಟು ಬೆಳಗಿತು. ಮೆಟ್ಟಿಲು ಕಂಡಿತು. ಆಕಾಶ ಬಾಯಿಬಿಟ್ಟು ಹೂವು ಸುರಿಯಿತು. ಕೆಂಪು, ಹಳದಿ, ಬಿಳಿ, ಒಂದೂ ಕಮ್ಮಿಯಿಲ್ಲ. ಕೊಳಲು ನುಡಿಯಿತು. ತೆರೆಯ ತಳದಲ್ಲಿ 'ಮದುಮಗಳ ತಾಯಿ' ಎಂಬ ಚಿನ್ನದ ಬಣ್ಣದ ಅಕ್ಷರಗಳು ಒಂದೊಂದಾಗಿ ಅರಳಿದವು. ಆ ಹೂಮಳೆಯ ನಡುವಿನಿಂದ, ಮೆಲುಕು ಹಾಕುತ್ತ, ಬಾಲ ಬೀಸುತ್ತ, ಅಕ್ಕಪಕ್ಕ ಯಾರನ್ನೂ ಲೆಕ್ಕಿಸದೆ, ಎಮ್ಮೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿತು.

ಕರೆಂಟು ಕೈಕೊಡಲಿಲ್ಲ. ಸಿನಿಮಾ ನಡುವೆ ನಿಲ್ಲಲಿಲ್ಲ. ಮೆಟ್ಟಿಲು ಪೂರ್ತಿ ಇಳಿಯುವುದು ಜನಕ್ಕೆ ಕಂಡಿತು. ನೋಡಿದವರು ಜನ್ಮದಲ್ಲಿ ಮರೆಯುವಂತಿರಲಿಲ್ಲ. ದೇವರು ಭಕ್ತರ ಕೋರಿಕೆಯನ್ನು ಎಂದೂ ತಳ್ಳಿಹಾಕುವುದಿಲ್ಲ. ಸ್ವಲ್ಪ ತಡವಾಗಬಹುದು, ಅಷ್ಟೇ. ರೀಲಪ್ಪನ ಬೆಳಗಿನ ಪ್ರಾರ್ಥನೆ, ಒಂದಕ್ಷರವೂ ಬಿಡದೆ, ಸಂಜೆಗೆ ನೆರವೇರಿತ್ತು.

ಅವನ ಕೈ ಹಿಡಿದಿದ್ದ ಕೈ ಮೆಲ್ಲಮೆಲ್ಲಗೆ ಬಿಗಿಯಾಗುತ್ತಿತ್ತು. ಹಿಂದಿನ ಸಾಲಿನಿಂದ ಅತ್ತೆಯವರ ಪಿಸುಮಾತು ಇಡೀ ಸಭಾಭವನಕ್ಕೆ ಕೇಳಿಸಿತು:

"ನೋಡಿ, ಇದಕ್ಕೆ ಮಾತ್ರ ಹೊಟ್ಟೆಗೆ ಚೆನ್ನಾಗಿ ಸಿಕ್ಕಿದೆ."